ಟಿಕೆಟ್ಟಿನ ಜೊತೆಗೆ ಮೂರು ಸಾಲು: ನನ್ನ ಅನುಭವ

ನಾನು ಫ್ರೀಲಾನ್ಸರ್. ಸಿನಿಮಾ ಲೇಖನ, ಚಿತ್ರಕಥೆ ಬರೆಯುತ್ತೇನೆ. ಸಿನಿಮಾ ನೋಡುವುದೇ ಕೆಲಸ ಅಂದಮೇಲೆ ಟಿಕೆಟ್ಟು, ಪುಸ್ತಕ, ಓಟಿಟಿ ಚಂದಾ ಎಲ್ಲವೂ ಕೆಲಸದ ಖರ್ಚೇ, ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಬಹುದು ಅಂತ ಮೊದಲ ವರ್ಷ ಎಲ್ಲ ರಸೀದಿಗಳನ್ನೂ ಒಂದು ಡಬ್ಬಿಗೆ ಹಾಕುತ್ತಾ ಹೋದೆ. ವರ್ಷದ ಕೊನೆಗೆ ಆಡಿಟರ್ ಅದರಿಂದ ಒಂದು ಟಿಕೆಟ್ ಎತ್ತಿ, "ಇದು ಯಾವ ಲೇಖನಕ್ಕೆ ನೋಡಿದ್ದು?" ಎಂದು ಕೇಳಿದರು. ನೆನಪಾಗಲಿಲ್ಲ. ಎಷ್ಟೋ ರಸೀದಿಗಳಲ್ಲಿ ಅಕ್ಷರವೇ ಮಾಸಿಹೋಗಿತ್ತು. ಥರ್ಮಲ್ ಕಾಗದ ಅಲ್ವಾ, ಜಾಸ್ತಿ ದಿನ ಬಾಳುವುದಿಲ್ಲ.

ಈಗ ಸಿನಿಮಾ ಮುಗಿದ ಕೂಡಲೇ ಟಿಕೆಟ್ಟಿನ ಫೋಟೋ ತೆಗೆದು, ಫೋನಿನಲ್ಲೇ ಮೂರು ಸಾಲು ಬರೆಯುತ್ತೇನೆ. ಒಂದು ನಮೂನೆ ನೋಡಿ: "ಪತ್ತೇದಾರಿ ಚಿತ್ರಕಥೆ, ಎರಡನೇ ಕರಡು. ವಿಚಾರಣೆಯ ದೃಶ್ಯ ಎಷ್ಟು ಹೊತ್ತು ನಡೆಯುತ್ತದೆ ಅಂತ ನೋಡಲು ಹೋದದ್ದು. ಒಂಬತ್ತು ನಿಮಿಷ, ನಡುವೆ ಒಮ್ಮೆಯೂ ಹೊರಗೆ ಹೋಗುವುದಿಲ್ಲ." ತೆರಿಗೆಗೆ ಅಂತ ಬರೆದ ಈ ಸಾಲು ಆಮೇಲೆ ಕರಡು ತಿದ್ದುವಾಗಲೂ ಕೈಹಿಡಿಯಿತು.

ಓಟಿಟಿ ಚಂದಾ ಮನೆಯವರೆಲ್ಲರದು. ಒಂದು ತಿಂಗಳು ಪಟ್ಟಿ ಮಾಡಿದೆ. ನೋಡಿದ 20ರಲ್ಲಿ 8 ನನ್ನ ಕೆಲಸಕ್ಕೆ. ಹಾಗಾಗಿ ಶೇ. 40 ಮಾತ್ರ ತೋರಿಸಿದೆ, ಪಟ್ಟಿಯನ್ನೂ ಜೊತೆಗಿಟ್ಟೆ. ಪುಸ್ತಕಗಳದ್ದು ಸುಲಭ, ಬಿಲ್ಲಿನ ಮೇಲೆ ಯಾವ ಕೆಲಸಕ್ಕೆ ಅಂತ ಬರೆದರೆ ಆಯಿತು.

ಗ್ರಾಹಕರನ್ನು ಊಟಕ್ಕೋ ನಾಟಕಕ್ಕೋ ಕರೆದುಕೊಂಡು ಹೋದ ಖರ್ಚಿನಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಒಂದೊಂದು ದೇಶದ್ದು ಒಂದೊಂದು ನಿಯಮ. ಬ್ರಿಟನ್ನಿನಲ್ಲಿ ಗ್ರಾಹಕರ ಮನರಂಜನೆಯ ಖರ್ಚನ್ನು ಆದಾಯದಿಂದ ಕಳೆಯುವ ಹಾಗಿಲ್ಲ. ಅಮೆರಿಕದಲ್ಲಿ 2018ರಿಂದ ಮನರಂಜನೆಗೆ ಏನೂ ಸಿಗುವುದಿಲ್ಲ, ವ್ಯವಹಾರದ ಊಟಕ್ಕೆ ಸಾಮಾನ್ಯವಾಗಿ ಅರ್ಧ ಸಿಗುತ್ತದೆ. ಭಾರತದ ಆದಾಯ ತೆರಿಗೆ ಕಾಯ್ದೆ, ಖರ್ಚು ಪೂರ್ತಿಯಾಗಿ ವೃತ್ತಿಗಾಗಿಯೇ ಆಗಿರಬೇಕು ಎನ್ನುತ್ತದೆ. ಬಂದ ಹಣದಲ್ಲಿ ಕನಿಷ್ಠ ಅರ್ಧವನ್ನು ಲಾಭ ಎಂದು ತೋರಿಸುವ ಅಂದಾಜು ಪದ್ಧತಿ ಹಿಡಿದವರು ಇಂಥ ಖರ್ಚನ್ನು ಮತ್ತೆ ಬೇರೆಯಾಗಿ ಕಳೆಯುವಂತಿಲ್ಲ. ಅಂಥವರು ಟಿಕೆಟ್ ಕೂಡಿಟ್ಟು ಸುಮ್ನೆ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ.

ಮಕ್ಕಳ ಜೊತೆ ನೋಡಿದ ಒಂದು ಸಿನಿಮಾ ಬಗ್ಗೆ ಆಮೇಲೆ ಲೇಖನ ಬರೆದೆ. ಆ ದಿನದ ಟಿಕೆಟ್ ತೋರಿಸಲಿಲ್ಲ, ಅವತ್ತು ಕೆಲಸಕ್ಕೆ ಅಂತ ಹೋಗಿರಲಿಲ್ಲ. ಬರೆಯುವ ಮುಂಚೆ ನೋಟ್‌ಬುಕ್ ಹಿಡಿದು ಒಬ್ಬನೇ ಇನ್ನೊಮ್ಮೆ ಹೋಗಿದ್ದೆ. ಫೈಲಿನಲ್ಲಿರುವುದು ಆ ಟಿಕೆಟ್ ಮಾತ್ರ.