ಮೊದಲ ಸ್ವೆಟರ್ ಹೆಣೆಯುವವರಿಗೆ: ದಾರ ಆರಿಸಿ, ತುಂಡು ಹೆಣೆದು ನೋಡಿ, ಆಮೇಲೆ ಶುರು ಮಾಡಿ

ಮೊದಲ ಸ್ವೆಟರ್ ಹೆಣೆಯುವವರು ಒಂದೇ ಕಡೆ ಎಡವುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ತಿಂಗಳುಗಟ್ಟಲೆ ಕೂತು, ಒಂದು ಸ್ಟಿಚ್ ತಪ್ಪದ ಹಾಗೆ ಹೆಣೆದಿರುತ್ತಾರೆ. ಹಾಕಿಕೊಂಡರೆ ದೊಗಳೆ, ಇಲ್ಲವೇ ಎದೆಗೇ ಬಿಗಿ. ತಮಗೆ ಹೆಣಿಗೆ ಒಲಿಯುವುದಿಲ್ಲ ಅಂತ ಕಡ್ಡಿ ಎತ್ತಿಟ್ಟುಬಿಡುತ್ತಾರೆ. ಅವರ ಹೆಣಿಗೆ ಚೆನ್ನಾಗಿಯೇ ಇರುತ್ತದೆ. ಅಳತೆ ನೋಡದೆ ಶುರು ಮಾಡಿದ್ದೇ ತೊಂದರೆ.

ಹಂತ 1: ಪ್ಯಾಟರ್ನ್ (ಹೆಣೆಯುವ ಸೂಚನೆ)

ಕತ್ತಿನಿಂದ ಕೆಳಕ್ಕೆ ಹೆಣೆಯುವ, ಹೊಲಿದು ಜೋಡಿಸುವ ಕೆಲಸವಿಲ್ಲದ, ಕತ್ತಿನಿಂದ ಕಂಕುಳಿಗೆ ಓರೆ ಗೆರೆ ಬರುವ ರ‍್ಯಾಗ್ಲನ್ ಸ್ವೆಟರ್ ಆರಿಸಿ. ಅರ್ಧ ಆದಾಗಲೇ ಹಾಕಿ ನೋಡಬಹುದು. ಸೈಜ್ ಆರಿಸುವಾಗ ಎದೆ ಸುತ್ತಳತೆಗೆ 5ರಿಂದ 10 ಸೆಂ.ಮೀ. ಸೇರಿಸಿಕೊಳ್ಳಿ. ಕೇಬಲ್ (ಜಡೆಯಂಥ ವಿನ್ಯಾಸ), ಬಣ್ಣದ ಚಿತ್ತಾರ ಎಲ್ಲ ಎರಡನೇ ಸ್ವೆಟರಿಗೆ ಇರಲಿ.

ಹಂತ 2: ದಾರ

ನನ್ನ ಮಾತು ಕೇಳುವುದಾದರೆ ಉಣ್ಣೆಯನ್ನೇ ತೆಗೆದುಕೊಳ್ಳಿ. ಉಣ್ಣೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಹಾಗಾಗಿ ಹೊಸಬರ ಕೈಯ ಏರುಪೇರು ಒಂದು ಸಲ ತೊಳೆದರೆ ಎಷ್ಟೋ ಸಮವಾಗುತ್ತದೆ. ಹತ್ತಿ ದಾರಕ್ಕೆ ಈ ಗುಣ ಇಲ್ಲ. ತೂಕವೂ ಜಾಸ್ತಿ, ಹಾಕಿಕೊಂಡಷ್ಟೂ ಜೋತು ಬೀಳುತ್ತದೆ. ಅಕ್ರಿಲಿಕ್ ಅಗ್ಗ, ಒಗೆಯುವುದು ಸುಲಭ. ಆದರೆ ಬಿಸಿ ಇಸ್ತ್ರಿ ತಗುಲಿದರೆ ಜೀವ ಕಳೆದುಕೊಂಡು ಜೋಲುತ್ತದೆ, ಮತ್ತೆ ಸರಿಯಾಗುವುದೇ ಇಲ್ಲ. ಮೊಹೇರ್‌ನಂಥ ತುಪ್ಪಳದ ದಾರ ಮುಟ್ಟಲು ಮೆತ್ತಗೆ, ನಿಜ. ಆದರೆ ತಪ್ಪಾದಾಗ ಬಿಚ್ಚಲು ಕೂತರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಿಡುವುದಿಲ್ಲ. ಮೊದಲ ಸ್ವೆಟರಿನಲ್ಲಿ ಬಿಚ್ಚುವ ಕೆಲಸ ಇದ್ದೇ ಇರುತ್ತದೆ, ಅಲ್ವಾ?

ಬಣ್ಣ ತಿಳಿಯಾಗಿರಲಿ. ಕಪ್ಪು, ಕಡುನೀಲಿ ದಾರದಲ್ಲಿ ರಾತ್ರಿ ದೀಪದ ಕೆಳಗೆ ಸ್ಟಿಚ್ ಕಾಣುವುದಿಲ್ಲ. ದಪ್ಪ ಮಧ್ಯಮ ಸಾಕು, ಅಂದರೆ ಲೇಬಲ್ ಮೇಲೆ ಡಿಕೆ ಅಥವಾ ವರ್ಸ್ಟೆಡ್ ಅಂತ ಬರೆದಿರುವ ದಾರ.

ಲೆಕ್ಕ ಹಾಕುವಾಗ ತೂಕ ನೋಡಬೇಡಿ, ಮೀಟರ್ ನೋಡಿ. ಪ್ಯಾಟರ್ನಿಗೆ 1,200 ಮೀಟರ್ ಬೇಕು, ಲೇಬಲ್ ಮೇಲೆ 50 ಗ್ರಾಂ ಉಂಡೆಯಲ್ಲಿ 110 ಮೀಟರ್ ಅಂತಿದೆ ಅನ್ನಿ. 11 ಉಂಡೆ ಬೇಕು. 12 ತನ್ನಿ. ಎಲ್ಲ ಲೇಬಲ್ ಮೇಲೂ ಡೈ ಲಾಟ್ ಸಂಖ್ಯೆ ಒಂದೇ ಇದೆಯೇ ಅಂತ ನೋಡಿ. ಒಂದೇ ಬಣ್ಣದ ಹೆಸರಿದ್ದರೂ ಬೇರೆ ಬೇರೆ ಸಲ ಬಣ್ಣಕ್ಕೆ ಅದ್ದಿದ ದಾರದಲ್ಲಿ ಛಾಯೆ ಬದಲಾಗುತ್ತದೆ. ಅಂಗಡಿಯಲ್ಲಿ ಕಾಣದ ವ್ಯತ್ಯಾಸ ಎದೆಯ ಮೇಲೆ ಪಟ್ಟೆಯಾಗಿ ಕಾಣುತ್ತದೆ.

ಕಡ್ಡಿಯ ಬಗ್ಗೆ ಒಂದು ಮಾತು. ಎರಡು ಕಡ್ಡಿಗಳನ್ನು ವೈರ್‌ನಿಂದ ಜೋಡಿಸಿರುವ ಸರ್ಕ್ಯುಲರ್ ಕಡ್ಡಿ ಕೊಳ್ಳುವಾಗ ವೈರ್ ಸೇರುವ ಜಾಗದಲ್ಲಿ ಉಗುರು ಆಡಿಸಿ ನೋಡಿ. ತಡೆದರೆ ಬೇಡ. ಸಾಲು ಸಾಲಿಗೂ ದಾರ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಹಂತ 3: ಅಳತೆಯ ತುಂಡು

ಸ್ವೆಟರ್ ಶುರು ಮಾಡುವ ಮೊದಲು ಅದೇ ದಾರ, ಅದೇ ಕಡ್ಡಿಯಲ್ಲಿ ಒಂದು ಸಣ್ಣ ತುಂಡು ಹೆಣೆದು, ನಿಮ್ಮ ಕೈಯಲ್ಲಿ 10 ಸೆಂ.ಮೀ.ಗೆ ಎಷ್ಟು ಸ್ಟಿಚ್ ಬರುತ್ತದೆ ಅಂತ ನೋಡಬೇಕು. ಎಲ್ಲರೂ ಹಾರಿಸುವುದು ಇದನ್ನೇ. ಪ್ಯಾಟರ್ನಿನಲ್ಲಿ 10 ಸೆಂ.ಮೀ.ಗೆ 20 ಸ್ಟಿಚ್ ಅಂತ ಬರೆದಿರುತ್ತಾರೆ. ಎದೆಯ ಸುತ್ತ ಒಟ್ಟು 200 ಸ್ಟಿಚ್ ಇದ್ದರೆ ಸ್ವೆಟರ್ 100 ಸೆಂ.ಮೀ. ಬರುತ್ತದೆ. ನಿಮ್ಮ ಕೈ ಸ್ವಲ್ಪ ಬಿಗಿ, 22 ಬಂತು ಅನ್ನಿ. ಅದೇ 200 ಸ್ಟಿಚ್ಚಿಗೆ 91 ಸೆಂ.ಮೀ. ಮಾತ್ರ. ಕೈ ಸಡಿಲವಾಗಿ 18 ಬಂದರೆ 111. ಎರಡೇ ಎರಡು ಸ್ಟಿಚ್ಚಿನ ವ್ಯತ್ಯಾಸ ಇಷ್ಟು ಮಾಡುತ್ತದೆ.

20 ಸ್ಟಿಚ್ ಅಳೆಯಲು 20 ಹಾಕಿದರೆ ಸಾಲದು. ಅಂಚಿನ ಸ್ಟಿಚ್ಚುಗಳು ಯಾವಾಗಲೂ ಸೊಟ್ಟ. ಕಡಿಮೆ ಅಂದರೂ 32 ಹಾಕಿ, 15 ಸೆಂ.ಮೀ. ಎತ್ತರ ಬರುವ ತನಕ ಹೆಣೆದು, ಸಡಿಲವಾಗಿ ಮುಗಿಸಿ.

ಸ್ವೆಟರನ್ನು ಕೊಳವೆಯ ಹಾಗೆ ಸುತ್ತಲೂ ಹೆಣೆಯುವುದಾದರೆ ತುಂಡನ್ನೂ ಹಾಗೇ ಹೆಣೆಯಬೇಕು. ಎಷ್ಟೋ ಜನರ ಕೈಯಲ್ಲಿ ಪರ್ಲ್ (ಉಲ್ಟಾ) ಸಾಲು ನಿಟ್ (ಸೀದಾ) ಸಾಲಿಗಿಂತ ಸಡಿಲ. ಸುತ್ತಲೂ ಹೆಣೆಯುವಾಗ ಪರ್ಲ್ ಬರುವುದೇ ಇಲ್ಲ, ಹಾಗಾಗಿ ಅಳತೆ ಬದಲಾಗುತ್ತದೆ. ಉಪಾಯ ಹೀಗೆ: ಸಾಲು ಮುಗಿದಾಗ ತುಂಡನ್ನು ತಿರುಗಿಸಬೇಡಿ. ಸರ್ಕ್ಯುಲರ್ ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ, ದಾರವನ್ನು ಹಿಂದುಗಡೆಯಿಂದ ಧಾರಾಳವಾಗಿ ಸಡಿಲ ಬಿಟ್ಟು ತಂದು, ಮತ್ತೆ ನಿಟ್ ಶುರು ಮಾಡಿ.

ಈಗ ತೊಳೆಯಿರಿ. ಉಗುರು ಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ, ಟವೆಲ್ ನಡುವೆ ಇಟ್ಟು ಒತ್ತಿ. ಹಿಂಡಬೇಡಿ, ಉಜ್ಜಬೇಡಿ. ಚಪ್ಪಟೆಯಾಗಿ ಹರಡಿ ಪೂರ್ತಿ ಒಣಗಲು ಬಿಡಿ. ತೊಳೆಯದೆ ಅಳೆದರೆ ಅಳೆದ ಹಾಗೇ ಅಲ್ಲ. ಮೆಷಿನ್‌ಗೆ ಹಾಕಬಹುದಾದ ಸೂಪರ್‌ವಾಶ್ ಉಣ್ಣೆಯಂತೂ ಒದ್ದೆಯಾದ ಮೇಲೆ ತುಂಬಾ ಹಿಗ್ಗುತ್ತದೆ.

ಒಣಗಿದ ಮೇಲೆ ಮೇಜಿನ ಮೇಲಿಟ್ಟು, ಮಧ್ಯಭಾಗದಲ್ಲಿ ಗಟ್ಟಿ ಸ್ಕೇಲ್ ಇಟ್ಟು 10 ಸೆಂ.ಮೀ.ಗೆ ಎಣಿಸಿ. ಅರ್ಧ ಸ್ಟಿಚ್ ಬಂದರೆ ಅದನ್ನೂ ಬರೆದುಕೊಳ್ಳಿ. ಬೇಕಾದ ಸಂಖ್ಯೆ ಬರಲಿ ಅಂತ ಕೈಯಲ್ಲಿ ಸ್ವಲ್ಪ ಎಳೆದು ಅಳೆಯುವವರಿದ್ದಾರೆ. ದಯವಿಟ್ಟು ಬೇಡ.

ಸ್ಟಿಚ್ ಜಾಸ್ತಿ ಬಂದರೆ ಒಂದು ಸೈಜ್ ದಪ್ಪ ಕಡ್ಡಿ, ಕಡಿಮೆ ಬಂದರೆ ಸಣ್ಣ ಕಡ್ಡಿ ತೆಗೆದುಕೊಂಡು ಇನ್ನೊಂದು ತುಂಡು ಹೆಣೆಯಿರಿ. ಕೈಯನ್ನು ಬೇಕೆಂದೇ ಬಿಗಿ ಮಾಡಲು ಹೋಗಬೇಡಿ. ಟಿವಿ ನೋಡುತ್ತಾ ಕೂತರೆ ಕೈ ತನ್ನ ಹಳೇ ಅಭ್ಯಾಸಕ್ಕೆ ಹೋಗಿಬಿಡುತ್ತದೆ. ಮರದ ಕಡ್ಡಿಯಲ್ಲಿ ತುಂಡು ಹೆಣೆದು, ಸ್ವೆಟರಿಗೆ ಲೋಹದ್ದು ಹಿಡಿಯಲೂಬೇಡಿ. ಸೈಜ್ ಒಂದೇ ಇದ್ದರೂ ಬಿಗಿ ಬದಲಾಗಬಹುದು.

ಹಂತ 4: ಶುರು

ಕತ್ತಿನ ಸಾಲು ಸಡಿಲವಾಗಿರಲಿ, ತಲೆ ತೂರಬೇಕು. ಸುತ್ತು ಸೇರಿಸುವ ಮೊದಲು ಹಾಕಿದ ಸಾಲು ಎಲ್ಲೂ ತಿರುಚಿಕೊಂಡಿಲ್ಲ ಅಂತ ನೋಡಿ.

ಹಂತ 5: ಹಾಕಿ ನೋಡುವುದು

ತೋಳಿನ ಸ್ಟಿಚ್ಚುಗಳನ್ನು ಬೇರೆ ದಾರಕ್ಕೆ ತೆಗೆದಿಟ್ಟ ಮೇಲೆ, ಮೈಭಾಗದ ಸ್ಟಿಚ್ಚುಗಳನ್ನೂ ಒಂದು ಉದ್ದ ದಾರಕ್ಕೆ ಏರಿಸಿ ಹಾಕಿಕೊಂಡು ನೋಡಿ. ಕಂಕುಳಲ್ಲಿ ಹಿಡಿದರೆ ಇನ್ನೂ ಕೆಲವು ಸಾಲು ಬೇಕು. ಇಲ್ಲೇ ಸ್ಕೇಲ್ ಇಟ್ಟು ಇನ್ನೊಮ್ಮೆ ಎಣಿಸಿ. ದೊಡ್ಡ ಹೆಣಿಗೆಯಲ್ಲಿ ಕೈ ಸಡಿಲವಾಗಿರಬಹುದು. ಹಾಗಿದ್ದರೆ ಬಿಚ್ಚಲು ಇದೇ ಸರಿಯಾದ ಹೊತ್ತು, ಹೋಗುವುದು ಮೇಲಿನ ಭಾಗವಷ್ಟೇ.

ಹಂತ 6: ಮುಗಿಸುವುದು

ದಾರದ ತುದಿಗಳನ್ನು ಒಳಗೆ ಸೇರಿಸಿ, ತುಂಡನ್ನು ತೊಳೆದ ಹಾಗೇ ತೊಳೆಯಿರಿ. ತಂತಿಯ ಮೇಲೆ ನೇತು ಹಾಕಬೇಡಿ, ನೀರಿನ ಭಾರಕ್ಕೆ ಉದ್ದವಾಗುತ್ತದೆ. ಒಣ ಟವೆಲ್ ಮೇಲೆ ಹರಡಿ, ತೋಳುಗಳನ್ನು ನೇರ ಮಾಡಿ, ಒಂದು ಬದಿ ಒಣಗಿದ ಮೇಲೆ ಮಗುಚಿ ಹಾಕಿ.