ಮುರಕಲ್ಲಿನ ಗೋಡೆಯ ಮರೆ: ಅಪಘಾತದ ಸ್ಥಳದಲ್ಲಿ ದೃಷ್ಟಿರೇಖೆಯನ್ನು ಅಳೆಯುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆಯ ರಸ್ತೆಗಳಲ್ಲಿ ಗುಡ್ಡ ಕಡಿದ ಧರೆಯೋ ಅಡಿಕೆ ತೋಟದ ಮುರಕಲ್ಲಿನ ಗೋಡೆಯೋ ತಿರುವಿನ ಒಳಬದಿಗೇ ಒತ್ತಿಕೊಂಡಿರುವುದು ಸಾಮಾನ್ಯ. ಅಂಥಲ್ಲಿ ಎರಡು ವಾಹನಗಳು ಡಿಕ್ಕಿಯಾದಾಗ ಇಬ್ಬರು ಚಾಲಕರೂ ‘ಕಾಣಲಿಲ್ಲ’ ಎನ್ನುತ್ತಾರೆ. ಈ ಮಾತಿನ ಸತ್ಯಾಸತ್ಯತೆಯನ್ನು ರಸ್ತೆಬದಿಯಲ್ಲಿ ನಿಂತು ಕಣ್ಣಂದಾಜಿನಿಂದ ನಿರ್ಧರಿಸಲಾಗದು. ಯಾವ ಕಣ್ಣಿಗೆ, ಯಾವ ಜಾಗದಿಂದ, ಡಿಕ್ಕಿಗೆ ಎಷ್ಟು ಸೆಕೆಂಡು ಮೊದಲು ಕಾಣಬಹುದಿತ್ತು ಎಂಬುದನ್ನು ಅಳೆದೇ ಹೇಳಬೇಕು.

ಮೊದಲು ಡಿಕ್ಕಿಯಾದ ಬಿಂದುವನ್ನು ಗೊತ್ತುಪಡಿಸಿಕೊಳ್ಳಿ. ಗಾಜಿನ ಚೂರುಗಳು ವಾಹನ ಸಾಗಿದ ದಿಕ್ಕಿಗೆ ಚೆದುರಿ ಹೋಗುವುದರಿಂದ, ಡಾಮರಿನ ಮೇಲೆ ಲೋಹ ಕೆರೆದ ಗುರುತು ಮತ್ತು ಟೈರಿನ ಗೀರು ತಟ್ಟನೆ ಓರೆಯಾದ ಜಾಗವನ್ನು ಹೆಚ್ಚು ನಂಬಬಹುದು. ಅಲ್ಲಿಂದ ವಿದ್ಯುತ್ ಕಂಬ, ಮೋರಿಯಂಥ ಕದಲದ ವಸ್ತುಗಳಿಗೆ ಟೇಪು ಹಿಡಿದು ಅಳೆಯಿರಿ. ನಮ್ಮಲ್ಲಿ ಮಹಜರು ಹೆಚ್ಚಾಗಿ ಮಲಯಾಳದಲ್ಲಿ ಇರುವುದರಿಂದ ಒಂದು ಎಚ್ಚರಿಕೆ ಬೇಕು: ‘ಕಯಟ್ಟಂ’ ಎಂದರೆ ಏರು, ‘ಇರಕ್ಕಂ’ ಎಂದರೆ ಇಳಿಜಾರು. ಒಬ್ಬರ ಏರು ಎದುರಿನವರಿಗೆ ಇಳಿಜಾರಾದ್ದರಿಂದ, ಯಾರ ಕಡೆಯಿಂದ ನೋಡಿ ಬರೆದದ್ದೆಂದು ಖಚಿತಪಡಿಸಿಕೊಳ್ಳದೆ ಅನುವಾದಿಸಿದರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಅನಂತರ ಕಣ್ಣಿನ ಎತ್ತರ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಲ್ಲಿ ಚಾಲಕನ ಕಣ್ಣು ರಸ್ತೆಯಿಂದ 1.2 ಮೀಟರ್ ಮೇಲಿದೆ, ಪ್ರತಿಕ್ರಿಯೆಗೆ 2.5 ಸೆಕೆಂಡು ಬೇಕು ಎಂದು ಹಿಡಿದು, ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ನಿಲ್ಲಿಸಲು 80 ಮೀಟರ್ ನೋಟ ಇರಬೇಕೆನ್ನುತ್ತಾರೆ. ಇದು ರಸ್ತೆ ಕಟ್ಟುವವರ ಅಳತೆ. ಅಪಘಾತದ ವಿಶ್ಲೇಷಣೆಗೆ ಅದೇ ಮಾದರಿಯ ವಾಹನದಲ್ಲಿ ಅದೇ ಎತ್ತರದ ವ್ಯಕ್ತಿಯನ್ನು ಕೂರಿಸಿ ಅಳೆಯುವುದೇ ಸರಿ. ಬಸ್ಸಿನ ಚಾಲಕನಿಗೆ ಗೋಡೆಯ ಮೇಲಿಂದ ಕಾಣುವ ಆಟೋ ಕಾರಿನವನಿಗೆ ಕಾಣದೇ ಇರಬಹುದು.

ಇನ್ನು ಕಾಲವನ್ನು ಹಿಂದಕ್ಕೆ ಓಡಿಸಬೇಕು. ಕಾರು 54 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 15 ಮೀಟರಿನಂತೆ ಬರುತ್ತಿದೆ. ತೋಟದ ದಾರಿಯಿಂದ ಆಟೋ ಸೆಕೆಂಡಿಗೆ 5 ಮೀಟರಿನಂತೆ ಲಂಬವಾಗಿ ರಸ್ತೆಗಿಳಿಯುತ್ತಿದೆ ಎಂದುಕೊಳ್ಳಿ. ಗೋಡೆಯ ಮೂಲೆ ಕಾರು ಚಾಲಕನ ಕಣ್ಣು ಸಾಗುವ ಗೆರೆಯಿಂದ 3 ಮೀಟರ್, ಆಟೋ ಬರುವ ಗೆರೆಯಿಂದ 2 ಮೀಟರ್ ದೂರದಲ್ಲಿರಲಿ. ಗ್ರಾಫ್ ಹಾಳೆಯಲ್ಲಿ ಡಿಕ್ಕಿಗೆ 2 ಸೆಕೆಂಡು, 1 ಸೆಕೆಂಡು, ಅರ್ಧ ಸೆಕೆಂಡು ಮೊದಲು ಎರಡೂ ಎಲ್ಲಿದ್ದವೆಂದು ಗುರುತಿಸಿ, ಪ್ರತಿ ಬಾರಿಯೂ ಚಾಲಕನ ಕಣ್ಣಿನಿಂದ ಆಟೋದ ಮೂತಿಗೆ ಗೆರೆ ಎಳೆಯಿರಿ. ಗೋಡೆಯ ಮೂಲೆಯನ್ನು ಗೆರೆ ಮೊದಲ ಬಾರಿಗೆ ದಾಟುವುದು ಡಿಕ್ಕಿಗೆ ಕೇವಲ 0.7 ಸೆಕೆಂಡು ಮೊದಲು. ಪ್ರತಿಕ್ರಿಯೆಗೆ 1.5 ಸೆಕೆಂಡು ಸಾಕೆಂದು ಉದಾರವಾಗಿ ಹಿಡಿದರೂ ಬ್ರೇಕಿನ ಮೇಲೆ ಕಾಲಿಡುವಷ್ಟು ಸಮಯವೂ ಇರಲಿಲ್ಲ. ಕಾರಿನ ವೇಗವನ್ನು 36 ಕಿ.ಮೀ.ಗೆ ಇಳಿಸಿ ಮತ್ತೆ ಎಳೆದು ನೋಡಿದರೆ ಸಿಗುವುದು ಸುಮಾರು 0.8 ಸೆಕೆಂಡು. ನಿಧಾನವಾಗಿದ್ದರೆ ಪೆಟ್ಟು ಕಡಿಮೆಯಾಗುತ್ತಿತ್ತು, ಸರಿ. ಆದರೆ ‘ನಿಧಾನವಾಗಿದ್ದರೆ ನಿಲ್ಲಿಸಬಹುದಿತ್ತು’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಇದೇ ಕೆಲಸವನ್ನು ಆಟೋ ಚಾಲಕನ ಕಣ್ಣಿನಿಂದಲೂ ಮಾಡದೆ ಯಾರ ಮೇಲೂ ತಪ್ಪು ಹೊರಿಸಬಾರದು.

ಬಾಗಿದ ತಿರುವಿನಲ್ಲಿ ಲೆಕ್ಕ ಇನ್ನೂ ಸುಲಭ. ಚಾಲಕನ ಕಣ್ಣು ಸಾಗುವ ಗೆರೆಯ ತ್ರಿಜ್ಯ, ಆ ಗೆರೆಗೂ ಧರೆಗೂ ಇರುವ ಅಂತರ, ಇವೆರಡನ್ನು ಗುಣಿಸಿ, ಎಂಟರಿಂದ ಗುಣಿಸಿ, ವರ್ಗಮೂಲ ತೆಗೆದರೆ ನೋಟದ ದೂರ ಸಿಗುತ್ತದೆ. ತ್ರಿಜ್ಯ 60 ಮೀಟರ್, ಅಂತರ 4 ಮೀಟರ್ ಇದ್ದರೆ ಅದು ಸುಮಾರು 44 ಮೀಟರ್.

ಮರೆ ರಸ್ತೆಬದಿಯಲ್ಲೇ ಇರಬೇಕೆಂದಿಲ್ಲ, ವಾಹನದೊಳಗೂ ಇರುತ್ತದೆ. ಮುಂಗಾಜಿನ ಬಲಬದಿಯ ಕಂಬ ಚಾಲಕನ ಮುಖಕ್ಕೆ ಹತ್ತಿರವಿರುವುದರಿಂದ ಬಲತಿರುವಿನಲ್ಲಿ ಅದರದೇ ಉಪದ್ರ ಹೆಚ್ಚು. 70 ಸೆಂ.ಮೀ. ದೂರದಲ್ಲಿರುವ 12 ಸೆಂ.ಮೀ. ಅಗಲದ ಕಂಬ, ಎರಡೂ ಕಣ್ಣು ತೆರೆದಿದ್ದರೂ, 20 ಮೀಟರ್ ಆಚೆ ಸುಮಾರು 1.6 ಮೀಟರ್ ಅಗಲವನ್ನು ನುಂಗುತ್ತದೆ. ಎದುರಿಂದ ಬರುವ ಬೈಕ್ ಸವಾರ ಅದರಲ್ಲಿ ಪೂರ್ತಿ ಅಡಗಬಲ್ಲ.

ಅಳತೆಗೆ ತಡಮಾಡಬಾರದು. ಮಳೆಗಾಲದಲ್ಲಿ ಆಳೆತ್ತರ ಬೆಳೆಯುವ, ಕಮ್ಯುನಿಸ್ಟ್ ಗಿಡವೆಂದು ಕರೆಯುವ ಕಳೆಯನ್ನು ಯಾರಾದರೂ ಸವರಿಬಿಟ್ಟರೆ ಸಾಕ್ಷ್ಯವೇ ಹೋದಂತೆ. ಸಂಜೆ ಮುಳ್ಳೇರಿಯದಿಂದ ಚೆರ್ಕಳದ ಕಡೆಗೆ, ಪಡುವಣಕ್ಕೆ ಮುಖಮಾಡಿ ಹೋಗುವಾಗ ಆದ ಅಪಘಾತವಾದರೆ ಅದೇ ಹೊತ್ತಿಗೆ ಹೋಗಿ ನೋಡಿ, ಏಕೆಂದರೆ ಸೂರ್ಯ ಹತ್ತು ನಿಮಿಷದಲ್ಲಿ ಎರಡೂವರೆ ಡಿಗ್ರಿ ಸರಿಯುತ್ತಾನೆ. ಚಿತ್ರವನ್ನು ಚಾಲಕನ ಕಣ್ಣಿನ ಎತ್ತರದಿಂದಲೇ ತೆಗೆಯಿರಿ. ಮೊಬೈಲಿನ ಅಗಲ ನೋಟದ ಲೆನ್ಸು ಹತ್ತಿರದ್ದನ್ನೂ ದೂರವೆಂಬಂತೆ ತೋರಿಸುವುದರಿಂದ, 10, 20, 40 ಮೀಟರಿನಲ್ಲಿ ಬಿಳಿ ಬಣ್ಣ ಬಳಿದ ಕೋಲುಗಳನ್ನು ನೆಟ್ಟು, ಅವು ಚೌಕಟ್ಟಿನೊಳಗೆ ಬರುವಂತೆ ನೋಡಿಕೊಳ್ಳಿ.