ನಾಲ್ಕು ವರ್ಷದ ಲೆಕ್ಕ ಹಾಕಿ ನಾನು ಕಾಲೇಜು ಆರಿಸಿಕೊಂಡ ಬಗೆ

ಸಿಇಟಿ ರ‍್ಯಾಂಕ್ ಬಂದ ಮೇಲೆ ಮನೆಗೆ ಬಂದವರೆಲ್ಲ ಕೇಳುತ್ತಿದ್ದದ್ದು ಮೊದಲ ವರ್ಷದ ಫೀಸ್ ಎಷ್ಟು ಅಂತ. ನನಗೆ ಮುಖ್ಯ ಅನಿಸಿದ್ದು ನಾಲ್ಕನೇ ವರ್ಷದ ಫೀಸ್. ನಮ್ಮೂರು ಭರಮಸಾಗರದ ಹತ್ತಿರ, ಅಪ್ಪ ಬೆಳೆಯುವುದು ಮೆಕ್ಕೆಜೋಳ ಮತ್ತು ಈರುಳ್ಳಿ. ಈ ವರ್ಷ ಇದ್ದ ಈರುಳ್ಳಿ ರೇಟು ಮುಂದಿನ ವರ್ಷ ಇರುತ್ತೆ ಅಂತ ಯಾರೂ ಹೇಳೋಕಾಗಲ್ಲ. ಅಂಥ ಮನೆಯಲ್ಲಿ ಈ ಸಲ ಹೇಗೋ ಕಟ್ಟಿಬಿಡೋಣ ಅಂದುಕೊಂಡು ಸೇರಿಸಿದರೆ ಮುಂದೆ ಕಷ್ಟ. ಈಗ ದಾವಣಗೆರೆಯ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮೂರನೇ ವರ್ಷದಲ್ಲಿದ್ದೇನೆ. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆ ಪ್ರಕಾರ ತುಂಬೋಕೆ ಕೂರುವವರಿಗೆ ಉಪಯೋಗವಾಗಲಿ ಅಂತ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಅಪ್ಪನ ಲೆಕ್ಕದ ಪುಸ್ತಕದಲ್ಲೇ ಒಂದು ಹಾಳೆ ತೆಗೆದುಕೊಂಡು, ಒಂದೊಂದು ಕಾಲೇಜಿಗೆ ಒಂದು ಸಾಲು ಬರೆದೆ. ಫೀಸ್, ಇರುವ ಜಾಗ, ಊಟ, ಓಡಾಟ, ಎಲ್ಲ ನಾಲ್ಕು ವರ್ಷಕ್ಕೆ. ಬೆಂಗಳೂರಿನ ಪಿಜಿಗೆ ತಿಂಗಳಿಗೆ 8,000 ಅಂದಿದ್ದರು. ಕೇಳೋಕೆ ಪರವಾಗಿಲ್ಲ ಅನಿಸುತ್ತೆ, ಆದರೆ ವರ್ಷಕ್ಕೆ 10 ತಿಂಗಳು ಅಂದರೂ ನಾಲ್ಕು ವರ್ಷಕ್ಕೆ 3,20,000 ಆಗುತ್ತೆ. ನಾನು ನೋಡಿದ ಒಂದೆರಡು ಕಡೆ ಇದು ಫೀಸಿಗೇ ಸಮ ಬರುವಷ್ಟಿತ್ತು.

ಆಮೇಲೆ ಸಹಾಯದ ಹಣ. ಇದನ್ನು ನಾನು ಎರಡು ಭಾಗ ಮಾಡಿದೆ: ಸೀಟಿನ ಜೊತೆಗೇ ಬರುವುದು, ಸೇರಿದ ಮೇಲೆ ಅರ್ಜಿ ಹಾಕಿ ಕಾಯುವುದು. ಮೊದಲನೆಯದನ್ನು ಮಾತ್ರ ಫೀಸಿನಿಂದ ಕಳೆದೆ. ಸೀಟಿನ ಜೊತೆಗೇ ಬರುವುದು ಅಂದರೆ ಸೂಪರ್‌ನ್ಯೂಮರರಿ ಕೋಟಾ, ಚಿಕ್ಕದಾಗಿ ಎಸ್‌ಎನ್‌ಕ್ಯೂ. ಮನೆಯ ವರ್ಷದ ಆದಾಯ 8 ಲಕ್ಷದೊಳಗಿದ್ದರೆ, ಪ್ರತಿ ಕೋರ್ಸಿನಲ್ಲಿ ಹೆಚ್ಚುವರಿಯಾಗಿ ಇಡುವ ಶೇ. 5ರಷ್ಟು ಸೀಟು ರ‍್ಯಾಂಕ್ ಮೇಲೆ ಸಿಗುತ್ತೆ, ಬೋಧನಾ ಶುಲ್ಕ ಮಾಫಿ. ಉಳಿದ ಶುಲ್ಕಗಳನ್ನು ಕಟ್ಟಲೇಬೇಕು, ಆಮೇಲೆ ಕಾಲೇಜು, ಬ್ರಾಂಚ್ ಬದಲಿಸೋಕೆ ಬರಲ್ಲ. ಇದನ್ನು ತಿಳಿದೇ ಒಪ್ಪಿಕೊಳ್ಳಿ.

ಎರಡನೆಯದು ಸ್ಕಾಲರ್‌ಶಿಪ್‌ಗಳು. ಹಿಂದುಳಿದ ವರ್ಗದವರು ಹಾಸ್ಟೆಲ್ ಸಿಗದೆ ಹೊರಗೆ ಇದ್ದು ಓದಿದರೆ ವಿದ್ಯಾಸಿರಿ, ತಿಂಗಳಿಗೆ 1,500ರಂತೆ 10 ತಿಂಗಳು ಕೊಡುತ್ತಿದ್ದರು. ರೈತರ ಮಕ್ಕಳಿಗಾಗಿ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಯರಿಗೆ ವರ್ಷಕ್ಕೆ 11,000, ಹುಡುಗರಿಗೆ 10,000 ಅಂತ ಇಟ್ಟಿದ್ದರು. ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಹುಡುಗಿಯರಿಗೇ ಇರುವುದು, ವರ್ಷಕ್ಕೆ 50,000. ನಮ್ಮ ಕಡೆ ಎಷ್ಟೋ ಮನೆಗಳಿಗೆ ಇದರ ಹೆಸರೇ ಗೊತ್ತಿಲ್ಲ, ಅದು ನನಗೆ ನಿಜವಾಗಿಯೂ ಬೇಜಾರು. ಎಲ್ಲಕ್ಕೂ ಅರ್ಜಿ ಹಾಕಿ. ಆದರೆ ಹಾಳೆಯಲ್ಲಿ ಇವನ್ನೆಲ್ಲ ‘ಬಂದರೆ’ ಅನ್ನುವ ಕಡೆ ಬರೆಯಿರಿ, ಯಾಕಂದರೆ ಫೀಸ್ ಕಟ್ಟುವ ದಿನಕ್ಕೆ ಈ ಹಣ ಕೈಯಲ್ಲಿ ಇರಲ್ಲ, ಎಷ್ಟೋ ಸಲ ವರ್ಷ ಮುಗಿಯುವ ಹೊತ್ತಿಗೆ ಖಾತೆಗೆ ಬೀಳುತ್ತೆ.

ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಿಂದ ಫೋನ್ ಮೇಲೆ ಫೋನ್. ಪಿಯುಸಿ ಮಾರ್ಕ್ಸ್ ಚೆನ್ನಾಗಿದೆ, ಅರ್ಧ ಫೀಸ್ ಬಿಡ್ತೀವಿ ಅಂತ. ಮಾವ ಖುಷಿಯಾಗಿ, ‘ಒಳ್ಳೇ ಅವಕಾಶ ಕಣವ್ವಾ, ಬಿಡಬೇಡ’ ಅಂದರು. ನಾನು ವಾಪಸ್ ಫೋನ್ ಮಾಡಿ ಕೇಳಿದೆ: ಬಿಡುವುದು ಬೋಧನಾ ಶುಲ್ಕದಲ್ಲೋ ಪೂರ್ತಿ ಫೀಸಿನಲ್ಲೋ? ಒಂದು ವರ್ಷಕ್ಕೋ ನಾಲ್ಕಕ್ಕೂನೋ? ಮಾರ್ಕ್ಸ್ ಇಳಿದರೆ? ಇಷ್ಟನ್ನೂ ಪತ್ರದಲ್ಲಿ ಬರೆದು ಕೊಡ್ತೀರಾ? ಪ್ರತಿ ವರ್ಷ ಇಷ್ಟು ಸಿಜಿಪಿಎ ಇರಬೇಕು, ಇಲ್ಲದಿದ್ದರೆ ಪೂರ್ತಿ ಕಟ್ಟಬೇಕು ಅನ್ನುವುದು ಆಗ ಹೊರಬಂತು. ಮೊದಲ ಸೆಮಿಸ್ಟರ್‌ನಲ್ಲಿ ಹಳ್ಳಿಯ ಮಕ್ಕಳು ಇಂಗ್ಲಿಷ್ ಪಾಠಕ್ಕೆ ಹೊಂದಿಕೊಳ್ಳೋಕೇ ಒದ್ದಾಡುತ್ತಾರೆ, ಅದೇ ಹೊತ್ತಿಗೆ ಈ ಭಯವೂ ತಲೆ ಮೇಲೆ ಇರಬೇಕಾ? ಅದನ್ನು ಪಟ್ಟಿಯಿಂದ ತೆಗೆದೆ.

ಕಟ್‌ಆಫ್ ನೋಡುವಾಗ ಒಂದು ವಿಷಯ. ಸುಮ್ನೆ ಜನರಲ್ ಮೆರಿಟ್ ಸಾಲು ನೋಡಿ ಎದೆಗುಂದಬೇಡಿ. 1ರಿಂದ 10ನೇ ಕ್ಲಾಸ್ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮವಾದರೆ ಅದಕ್ಕೂ ಬೇರೆ ಕೋಟಾ ಇದೆ. ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಾಕುವ ಹಿಂದಿನ ವರ್ಷದ ಪಟ್ಟಿಯಲ್ಲಿ ನಿಮ್ಮ ವರ್ಗದ ಕೋಡ್ ಪಕ್ಕ ಆರ್ ಅಥವಾ ಕೆ ಇರುವ ಸಾಲು ನೋಡಿ. ಆ ವ್ಯಾಸಂಗ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಬೇಕು. ರಿಸಲ್ಟ್ ಬರುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಕಾಲೇಜು ನೋಡೋಕೆ ಪಾಠ ನಡೆಯುವ ದಿನವೇ ಹೋಗಿ. ಹಡದಿ ರಸ್ತೆಯ ಯುಬಿಡಿಟಿ 1951ರಲ್ಲಿ ಶುರುವಾದದ್ದು, ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೇ (ವಿಟಿಯು) ಘಟಕ ಕಾಲೇಜು. ಅಲ್ಲಿ ನಾನು ಹುಡುಕಿದ್ದು ಸೀನಿಯರ್ ಅಕ್ಕಂದಿರನ್ನು. ಲ್ಯಾಬಿನಲ್ಲಿ ಕೈ ಹಾಕಿ ಮಾಡೋಕೆ ಬಿಡ್ತಾರಾ, ಲೈಬ್ರರಿ ಎಷ್ಟು ಹೊತ್ತಿನವರೆಗೆ ಇರುತ್ತೆ, ಸಂಜೆ ಯಾರ ಜೊತೆ ಕೂತು ಓದ್ತೀರಿ, ಹುಷಾರಿಲ್ಲದಿದ್ದರೆ ಯಾರು ನೋಡ್ಕೊಳ್ತಾರೆ, ಇವೇ ಪ್ರಶ್ನೆ. ಒಬ್ಬ ಅಕ್ಕ ಒಳ್ಳೇದು ಕೆಟ್ಟದು ಎರಡನ್ನೂ ಬಿಡಿಸಿ ಹೇಳಿದರು. ಆ ಮಾತು ನನಗೆ ಯಾವ ಬ್ರೋಷರ್‌ಗಿಂತಲೂ ಜಾಸ್ತಿ ಕೆಲಸಕ್ಕೆ ಬಂತು.

ಇನ್ನು ಓಡಾಟ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ, ನಮ್ಮೂರು ಹೆದ್ದಾರಿಗೆ ಹತ್ತಿರ. ‘ದಿನಾ ಮನೆಯಿಂದಲೇ ಹೋಗಿ ಬಾರವ್ವಾ’ ಅಂತ ಅಮ್ಮ. ದುಡ್ಡಿನ ಲೆಕ್ಕದಲ್ಲಿ ಅಮ್ಮ ಹೇಳಿದ್ದು ಸರಿ. ಆದರೆ ಕಾಲೇಜಿನ ಎಷ್ಟೋ ಒಳ್ಳೇ ಕೆಲಸ ನಡೆಯುವುದು ಕ್ಲಾಸ್ ಮುಗಿದ ಮೇಲೆ: ಪ್ರಾಜೆಕ್ಟ್, ಆಟ, ಕಲ್ಚರಲ್ ಪ್ರಾಕ್ಟೀಸ್, ಒಟ್ಟಿಗೆ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದು. ಬಸ್ಸಿಗೆ ಓಡುವವರಿಗೆ ಇದು ಸಿಗಲ್ಲ. ಅದಕ್ಕೇ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿದೆ, ಸಿಕ್ಕಿತು. ಊಟ, ವಸತಿ ಉಚಿತ. ಹಾಸ್ಟೆಲ್ ಸಿಕ್ಕರೆ ವಿದ್ಯಾಸಿರಿ ಇಲ್ಲ, ಎರಡರಲ್ಲಿ ಒಂದೇ.

ಅಣಕು ಹಂಚಿಕೆ (ಯಾವ ಸೀಟು ಸಿಗಬಹುದು ಅಂತ ಮೊದಲೇ ತೋರಿಸುವ ಪಟ್ಟಿ) ಬಂದ ಮೇಲೆ ಹಾಳೆ ಮುಂದಿಟ್ಟುಕೊಂಡು ಅಪ್ಪನ ಜೊತೆ ಮತ್ತೆ ಕೂತೆ. ನಾಲ್ಕು ವರ್ಷದ ಮೊತ್ತ ನಮ್ಮ ಕೈ ಮೀರುವ ಕಾಲೇಜುಗಳನ್ನೆಲ್ಲ, ಎಷ್ಟೇ ಹೆಸರಿದ್ದರೂ, ಪಟ್ಟಿಯಿಂದ ಅಳಿಸಿದೆ. ಯಾಕಂದರೆ ‘ಈ ಸೀಟು ಇರಲಿ, ಇನ್ನೂ ಮೇಲಿನದಕ್ಕೆ ನೋಡ್ತೀನಿ’ ಅನ್ನುವ ಚಾಯ್ಸ್ 2 ಒತ್ತಿ ಮುಂದಿನ ಸುತ್ತಿಗೆ ಹೋದಾಗ ಮೇಲಿನ ಆಪ್ಷನ್ ಸಿಕ್ಕರೆ, ಕೈಯಲ್ಲಿದ್ದ ಸೀಟು ತಾನಾಗಿ ಹೋಗುತ್ತೆ. ಸೇರೋಕಾಗದ ಕಾಲೇಜನ್ನು ಮೇಲೆ ಇಟ್ಟುಕೊಂಡರೆ ಸೇರಬಹುದಾದದ್ದನ್ನೂ ಕಳೆದುಕೊಳ್ಳಬೇಕಾಗುತ್ತೆ. ಯುಬಿಡಿಟಿ ಬಂದಾಗ ‘ಇದೇ ಸಾಕು, ಸೇರ್ತೀನಿ’ ಅನ್ನುವ ಚಾಯ್ಸ್ 1 ಒತ್ತಿದೆ. ಸರ್ಕಾರಿ ಕೋಟಾದ ಸೀಟು, ಖಾಸಗಿಗಿಂತ ಫೀಸ್ ಕಡಿಮೆ. ಅದೇ ಕಾಲೇಜಿನಲ್ಲೂ ಸೀಟಿನ ಬಗೆ ಬೇರೆಯಾದರೆ ಫೀಸ್ ಬೇರೆ, ಹಾಗಾಗಿ ಫೀಸ್ ಕಾಲಂ ನೋಡದೆ ಆಪ್ಷನ್ ಹಾಕಬೇಡಿ.

ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವ ಮೊದಲು ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ, ಆಧಾರ್ ಮತ್ತು ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಒಂದೇ ತರ ಇದೆಯಾ ನೋಡಿ, ಬ್ಯಾಂಕಿಗೆ ಹೋಗಿ ನಿಮ್ಮ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಕೇಳಿ. ಅದು ಆಗದಿದ್ದರೆ ಮಂಜೂರಾದ ಹಣವೂ ಖಾತೆಗೆ ಬರಲ್ಲ.